ಇಸಿಎಂಗೆ ಕನ್ನಡದಲ್ಲಿ ಏನಂತೀರಿ? ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾನೆ

ಬಟವಾಡಿ, ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ಸ್ವಲ್ಪ ಅರ್ಜೆಂಟು. ನಮ್ಮ ಮಾವನದು ಬಿ.ಎಚ್. ರಸ್ತೆ ಪಕ್ಕ ಕಾರ್ ಗ್ಯಾರೇಜ್. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ, ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತಲ್ಲ. ನಮ್ಮ ಹಳೇ ಬೋರ್ಡು ಪೂರ್ತಿ ಇಂಗ್ಲಿಷು. ಹೊಸದಕ್ಕೆ 'ಎಂಜಿನ್ ಕೆಲಸ', 'ವೈರಿಂಗ್', 'ಎ.ಸಿ.' ಎಲ್ಲ ಬರೆದಾಯಿತು. ಸಿಕ್ಕಿಹಾಕಿಕೊಂಡಿದ್ದು ಇಸಿಎಂ, ಅಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅದರ ಹತ್ತಿರ. ಕೆಲವರು ಇಸಿಯು ಅಂತಾರೆ, ಎರಡೂ ಒಂದೇ ಡಬ್ಬಿ. ಎಷ್ಟು ಪೆಟ್ರೋಲ್ ಬಿಡಬೇಕು, ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ಲೆಕ್ಕ ಹಾಕುವುದು ಅದೇ.

ಗಿರಾಕಿಗೆ ಕೊಡುವ ಚೀಟಿಗೂ ಪದ ಬೇಕು. ಹೋದ ವಾರ ಗುಬ್ಬಿ ಕಡೆಯ ಅಜ್ಜ ಒಬ್ಬರು 2001ರ ಕಾರು ತಂದಿದ್ದರು. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಇಪ್ಪತ್ತು ನಿಮಿಷ ಓಡಿ ಬಿಸಿಯಾದರೆ ನಿಂತುಬಿಡುತ್ತದೆ. ಆಗಲೇ ಬೇರೆ ಕಡೆ ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲ ಹೊಸದು ಹಾಕಿಸಿ ದುಡ್ಡು ಕಳೆದಿದ್ದರು. ನಿಂತಾಗ ಕೀ ಆನ್ ಮಾಡಿದರೆ ಮೀಟರಿನಲ್ಲಿ ಚೆಕ್ ಎಂಜಿನ್ ಲೈಟೇ ಹತ್ತುತ್ತಿರಲಿಲ್ಲ. ಮಾವ ಫ್ಯೂಸ್, ಅರ್ಥ್ ವೈರ್ ನೋಡಿದರು, ಡಬ್ಬಿಗೆ 12 ವೋಲ್ಟ್ ಸರಿಯಾಗಿ ಹೋಗುತ್ತಿತ್ತು, ಅದು ಸೆನ್ಸರ್‌ಗಳಿಗೆ ಕೊಡಬೇಕಾದ 5 ವೋಲ್ಟ್ ಮಾತ್ರ ಇಲ್ಲ. ಬಿಚ್ಚಿದರೆ ಒಳಗೆ ಕರೆಂಟು ಹಿಡಿದಿಡುವ ಕೆಪಾಸಿಟರ್ ಸೋರಿ ಮೀನಿನ ವಾಸನೆ ಹೊಡೆಯುತ್ತಿತ್ತು, ತಾಮ್ರದ ಗೆರೆಗಳು ಹಸಿರಾಗಿದ್ದವು. 'ಇಸಿಎಂ ಹೋಗಿದೆ ಅಜ್ಜಾ, ಬೇರೆ ಹಾಕ್ಬೇಕು' ಅಂದೆ. 'ಇಎಂಐ ಎಲ್ಲಾ ನಾನ್ ಕಟ್ಟಲ್ಲಪ್ಪ, ಕ್ಯಾಷೇ ಕೊಡ್ತೀನಿ' ಅಂದರು. ಇನ್ನೊಂದು ಪದ ಬೇಕು ಅನ್ನಿಸಿದ್ದು ಆಗಲೇ.

ಕೋಲಾರದಿಂದ:

'ಎಂಜಿನ್ ನಿಯಂತ್ರಣ ಗಣಕ'. ಇದರಲ್ಲಿ ಚರ್ಚೆಗೆ ಏನಿದೆ? 'ನಿಯಂತ್ರಣ ಯಂತ್ರ' ಅಂತ ಮಾತ್ರ ಬರೆಯಬೇಡಿ, ದಮ್ಮಯ್ಯ. ಯಂತ್ರ, ನಿಯಂತ್ರಣ ಎರಡೂ 'ಯಮ್' ಧಾತುವಿನವು. ಹಿಡಿದಿಡು, ತಡೆ ಅಂತ ಅರ್ಥ. ನಿಯಮ, ಸಂಯಮ ಬಂದಿದ್ದೂ ಅಲ್ಲಿಂದಲೇ, ಯಮಧರ್ಮರಾಯನೂ ಅಲ್ಲಿಯವನೇ. ಅಂದರೆ ಯಂತ್ರ ಅಂದಾಗಲೇ ಹಿಡಿತ ಬಂದಾಯಿತು, ಮೇಲೆ ಮತ್ತೆ ನಿಯಂತ್ರಣ ಹಚ್ಚುವುದು ಗೇಟಿನ ಬಾಗಿಲು ಅಂದ ಹಾಗೆ.

ಚಿಂತಾಮಣಿಯಿಂದ:

ಯಮನನ್ನು ಗ್ಯಾರೇಜಿಗೆ ಯಾಕೆ ಕರೆತಂದಿರಿ? ಆ ಯಮ ಅಂದರೆ ಅವಳಿ ಅನ್ನುವವರೂ ಇದ್ದಾರೆ, ಯಮ ಮತ್ತು ಯಮಿ. ಇರಲಿ. ಸಂಸ್ಕ್ರುತದ ಮೂಟೆ ಹೊರುವ ಅಗತ್ಯವೇ ಇಲ್ಲ. ಎಂಜಿನ್‌ಗೆ 'ಬಿಣಿಗೆ', ಕಂಪ್ಯೂಟರ್‌ಗೆ 'ಎಣ್ಣುಕ' ಅಂತ ನಾವು ಬರೆಯುತ್ತಲೇ ಇದ್ದೇವೆ. 'ಬಿಣಿಗೆ ಹಿಡಿತದ ಎಣ್ಣುಕ' ಅನ್ನಿ. ಎಣ್ಣು ಅಂದರೆ ಎಣಿಸು ಅಂತ ಅರ್ತ, ತಮಿಳಿನಲ್ಲೂ ತೆಲುಗಿನಲ್ಲೂ ಇದರ ನೆಂಟರಿದ್ದಾರೆ. ಮಹಾಪ್ರಾಣ ಒಂದೂ ಇಲ್ಲ, ಬಾಯಿಗೆ ಹಗುರ.

ಕೋಲಾರದಿಂದ:

'ಅರ್ತ' ಅನ್ನುವವರಿಗೆ ಅರ್ಥ ಹೇಳಿ ಪ್ರಯೋಜನವಿಲ್ಲ. 'ಬಿಣಿಗೆ' ನೋಡಿದವರು ಬೆಣ್ಣೆ ಬಿಸ್ಕತ್ತು ಸಿಗುತ್ತಾ ಅಂತ ಗ್ಯಾರೇಜಿನ ಒಳಗೆ ಬರುತ್ತಾರೆ.

ಚಿಂತಾಮಣಿಯಿಂದ:

ಗಣಕ ಅಂದರೆ ಜೋಯಿಸ. ನಿಮ್ಮ ಬೋರ್ಡು ನೋಡಿದವರು ಜಾತಕ ಹಿಡಿದುಕೊಂಡು ಬರುತ್ತಾರೆ.

ತಿಪಟೂರಿನಿಂದ:

ಇಬ್ಬರೂ ಸ್ವಲ್ಪ ನಿಲ್ಲಿ. ಗಣಕ ಒಂದು ಕಾಲಕ್ಕೆ ಲೆಕ್ಕ ಹಾಕುವ ಮನುಷ್ಯ, ನಿಜ. ಇಂಗ್ಲಿಷಿನ ಕಂಪ್ಯೂಟರ್ ಕೂಡ ಹಿಂದೆ ಕೂತು ಲೆಕ್ಕ ಹಾಕುವ ಮನುಷ್ಯರಿಗೇ ಇದ್ದ ಹೆಸರು. ಹಾಗಾಗಿ ಜೋಯಿಸರ ವಾದ ನಿಲ್ಲುವುದಿಲ್ಲ.

ಆದರೆ 'ಅಂಕೆ' ಯಾರಿಗೂ ಹೊಳೆಯಲಿಲ್ಲವಾ? ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವನು ನಾನು, ಈ ಪದದ ಮೇಲೆ ನನಗೆ ಪ್ರೀತಿ ಜಾಸ್ತಿ. ಅಂಕೆ ಅಂದರೆ ಒಂದು, ಎರಡು, ಮೂರು. ಅಂಕೆ ಅಂದರೆ ಹತೋಟಿಯೂ ಹೌದು. 'ಹುಡುಗ ಅಂಕೆಗೆ ಸಿಗ್ತಿಲ್ಲ', 'ಅಂಕೆಶಂಕೆ ಇಲ್ಲ' ಅನ್ನುತ್ತೇವಲ್ಲ. ಆ ಡಬ್ಬಿ ಮಾಡುವ ಕೆಲಸವೂ ಇವೆರಡೇ ನೋಡಿ. ಎಂಜಿನ್ ಎಷ್ಟು ಬಿಸಿಯಿದೆ, ಎಷ್ಟು ಗಾಳಿ ಒಳಗೆ ಬರುತ್ತಿದೆ, ಎಷ್ಟು ಸುತ್ತು ತಿರುಗುತ್ತಿದೆ ಅನ್ನುವುದನ್ನೆಲ್ಲ ಅಂಕೆಗಳಾಗಿ ತೆಗೆದುಕೊಂಡು ಎಂಜಿನನ್ನು ಅಂಕೆಯಲ್ಲಿ ಇಡುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಮೆಕ್ಯಾನಿಕ್ಕೇ ಸ್ಕ್ರೂ ತಿರುಗಿಸಿ, ಸದ್ದು ಕಿವಿಯಲ್ಲಿ ಕೇಳಿ ಸರಿ ಮಾಡುತ್ತಿದ್ದ, ಆಗ ಅಂಕೆ ಅವನ ಕಿವಿಯಲ್ಲಿತ್ತು. 'ಅಂಕೆಪೆಟ್ಟಿಗೆ' ಅನ್ನಿ. ಒಂದೇ ಪದ, ಬೋರ್ಡಿಗೂ ಹಿಡಿಸುತ್ತದೆ.

ಕೋಲಾರದಿಂದ:

ಚಂದ ಇದೆ. ಅಂಕೆ ಸಂಸ್ಕೃತದ 'ಅಂಕ'. ಗಮನಕ್ಕಿರಲಿ.

ಚಿಂತಾಮಣಿಯಿಂದ:

ಎಣಿಕೆಯ ಅಂಕೆ ನಿಮ್ಮದೇ ಇಟ್ಟುಕೊಳ್ಳಿ. ಹತೋಟಿಯ ಅಂಕೆ ಬೇರೆ ಬೇರಿನದು ಅಂತ ನನ್ನ ಎಣಿಕೆ.

ತಿಪಟೂರಿನಿಂದ:

ಎರಡು ಅಂಕೆ ಬೇರೆ ಬೇರೆ ಅಂತಾದರೆ ನನ್ನ ಪೆಟ್ಟಿಗೆಯೇ ಒಡೆಯಿತಲ್ಲ ಸ್ವಾಮಿ.

ಶ್ರೀನಿವಾಸಪುರದಿಂದ:

ನಾನು ಸ್ಪೇರ್ ಪಾರ್ಟ್ಸ್ ಮಾರುವವನು. ಸುಮ್ನೆ ಓದ್ತಾ ಇದ್ದೆ, ತಡೆಯಲಾಗಲಿಲ್ಲ. ನಮ್ಮ ಅಂಗಡಿಯಲ್ಲಿ 'ಕಂಪ್ಯೂಟರ್ ಪೋಯಿಂದಿ' ಅಂತ ತೆಲುಗಿನಲ್ಲಿ ಕೇಳುತ್ತಾರೆ, 'ಕಂಪ್ಯೂಟರ್ ಹೋಗೈತೆ' ಅಂತ ಕನ್ನಡದಲ್ಲಿ ಕೇಳುತ್ತಾರೆ. ಗಣಕ ಕೇಳಿದವರು ಯಾರೂ ಇಲ್ಲ, ಎಣ್ಣುಕ ಅಂದರೆ ಎಣ್ಣೆ ತೆಗೆದುಕೊಟ್ಟೇನು.

ನಿಜವಾದ ತೊಡಕು ಇರುವುದು ಇನ್ನೊಂದು ಪದದಲ್ಲಿ, ಅದನ್ನು ಯಾರೂ ಮುಟ್ಟಲಿಲ್ಲ. ಬೋರ್ಡಿನಲ್ಲಿ 'ರಿಪೇರಿ' ಹಾಕುತ್ತೀರಾ, 'ಬದಲಾವಣೆ' ಹಾಕುತ್ತೀರಾ? ಎರಡೂ ಒಂದೇ ಕೆಲಸ ಅಲ್ಲ. ಒಳಗಿನ ಕೆಪಾಸಿಟರ್ ಬಿಚ್ಚಿ ಬೇರೆ ಬೆಸುಗೆ ಹಾಕಿ, ತಿಂದುಹೋದ ಗೆರೆಗೆ ವೈರ್ ಎಳೆದರೆ ಅದು ರಿಪೇರಿ. ಶಿವಾಜಿನಗರದ ಗುಜರಿಯಿಂದ ಅದೇ ಪಾರ್ಟ್ ನಂಬರಿನ ಇನ್ನೊಂದು ಡಬ್ಬಿ ತಂದು ಕೂರಿಸಿದರೆ ಅದು ಬದಲಾವಣೆ. ನಂಬರಿನಲ್ಲಿ ಒಂದೇ ಅಕ್ಷರ ಆಚೀಚೆ ಆದರೂ ಕನೆಕ್ಟರ್ ಕೂರುತ್ತದೆ, ಗಾಡಿ ಓಡುವುದಿಲ್ಲ, ಇದು ನಾನೇ ಪಟ್ಟ ಪಾಡು. ಕೀಲಿಯಲ್ಲಿ ಚಿಪ್ ಇರುವ ಗಾಡಿಯಾದರೆ ಇನ್ನೂ ಒಂದು ಕೆಲಸ ಜಾಸ್ತಿ. ಹೊಸ ಡಬ್ಬಿಗೆ ಆ ಕೀಲಿಯ ಗುರುತು ಸಿಗದಿದ್ದರೆ ಎಂಜಿನ್ ಹತ್ತುವುದಿಲ್ಲ, ಹಳೇ ಡಬ್ಬಿಯ ಮೆಮೊರಿ ಓದಿ ಇದಕ್ಕೆ ಇಳಿಸಬೇಕು. ಗಿರಾಕಿ ದುಡ್ಡು ಕೊಡುವುದು ಈ ಮೂರರಲ್ಲಿ ಯಾವುದಕ್ಕೆ ಅಂತ ಚೀಟಿಯಲ್ಲಿ ಸ್ಪಷ್ಟ ಇರಬೇಕು ಅಲ್ವಾ?

ಚಿಂತಾಮಣಿಯಿಂದ:

ರಿಪೇರಿ ಇಂಗ್ಲಿಶು, ಬೇಡ. 'ದುರಸ್ತಿ', 'ಬದಲಾವಣೆ' ಅಂತ ಅಚ್ಚುಕಟ್ಟಾಗಿ ಹಾಕಿ.

ಕೋಲಾರದಿಂದ:

ಸಿಕ್ಕಿಬಿದ್ದಿರಿ. ದುರಸ್ತಿ ಪಾರಸಿ. ಬದಲು ಅರಬ್ಬಿ. ನೂರಾರು ವರ್ಷದ ಸಂಸ್ಕೃತ ನಿಮಗೆ ಹೊರೆ, ಸುಲ್ತಾನರ ಕಚೇರಿಯ ಮಾತು ಮಾತ್ರ ಅಚ್ಚಗನ್ನಡ. ಮೆಚ್ಚಿದೆ.

ಚಿಂತಾಮಣಿಯಿಂದ:

ಆಯಿತು, ಬದಲು ಬೇಡ. 'ಮಾರ್ಪಾಡು' ಹಾಕಿ, ನಮ್ಮದೇ ಪದ.

ಶ್ರೀನಿವಾಸಪುರದಿಂದ:

ಮಾರ್ಪಾಡು ಅಂದರೆ ಆಲ್ಟರೇಷನ್. ಗಾಡಿಯನ್ನು ಹಾಗೆ ಮಾರ್ಪಾಡು ಮಾಡಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಆರ್‌ಟಿಒನವರು ಬೋರ್ಡು ನೋಡಿಯೇ ಒಳಗೆ ಬರುತ್ತಾರೆ.

ತಿಪಟೂರಿನಿಂದ:

ಎಲ್ಲರೂ 'ಗಿರಾಕಿ' ಅನ್ನುತ್ತಿದ್ದೀರಿ. ಅದು ಸಂಸ್ಕೃತದ 'ಗ್ರಾಹಕ' ಸಂತೆ ಸುತ್ತಿ ಸವೆದು ಬಂದ ರೂಪ. ಕೋಲಾರದವರಿಗೆ ಗ್ರಾಹಕ ಬೇಕು, ಚಿಂತಾಮಣಿಯವರಿಗೆ ಕೊಳ್ಳುಗ ಬೇಕು, ಅಂಗಡಿಗೆ ಬರುವವನು ಮಾತ್ರ ಗಿರಾಕಿ. ಎರವಲು ಪದ ಹಾಗೆ ಸವೆಯುವ ತನಕ ಕಾಯಬೇಕು, ಪೇಂಟರ್ ಬರುವುದು ನಾಳೆ, ಅದೇ ತೊಂದರೆ. 'ಎಂಜಿನ್' ಲ್ಯಾಟಿನ್ನಿನ ಜಾಣತನದ ಪದದಿಂದ ಬಂದಿದ್ದು, ಅದನ್ನು ಇಲ್ಲಿ ಹೆಚ್ಚಿನವರು ಪ್ರಶ್ನೆಯಿಲ್ಲದೆ ಒಪ್ಪಿಕೊಂಡರು. ಮತ್ತೆ ಕಂಪ್ಯೂಟರ್ ಏನು ಪಾಪ ಮಾಡಿತ್ತು?

ಚಿಂತಾಮಣಿಯಿಂದ:

ನಾನು ಒಪ್ಪಿಲ್ಲ. ಬಿಣಿಗೆ ಅಂದೆ. 'ಕಾರು' ಬೇಕಾದರೆ ಒಪ್ಪುತ್ತೇನೆ, ಹೊಗೆ ಕಾರುತ್ತದೆ.

ಬಟವಾಡಿ, ತುಮಕೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಎದ್ದು ನೋಡಿದರೆ ಇಷ್ಟು ಉತ್ತರ, ಪೇಂಟರ್ ಆಗಲೇ ಏಣಿ ಹತ್ತಿದ್ದ. ಮಾವನಿಗೆ ಮೂರು ಪದ ಓದಿ ಹೇಳಿದೆ. 'ಅಂಕೆಪೆಟ್ಟಿಗೆ'ಗೆ ಒಂದು ನಿಮಿಷ ಯೋಚನೆ ಮಾಡಿದರು, ಮೇಷ್ಟ್ರೇ, ಇದು ಸುಳ್ಳಲ್ಲ. ಆಮೇಲೆ 'ಹಾವಿನ ಪೆಟ್ಟಿಗೆ ಇದ್ದಂಗೈತೆ ಬಿಡು' ಅಂದರು. ಬೋರ್ಡಿಗೆ 'ಕಾರಿನ ಕಂಪ್ಯೂಟರ್ ರಿಪೇರಿ' ಅಂತ ಹೋಯಿತು, ಕೆಳಗೆ ಸಣ್ಣದಾಗಿ 'ಇಸಿಎಂ'.

ಚೀಟಿಗೆ ಶ್ರೀನಿವಾಸಪುರದವರ ಮಾತು ಹಿಡಿದು ಹೀಗೆ ಬರೆದೆ: 'ನಿಮ್ಮ ಗಾಡಿಯ ಎಂಜಿನ್ ಕಂಪ್ಯೂಟರ್ ಕೆಟ್ಟಿದೆ. ಇದೇ ನಂಬರಿನ ಬೇರೆ ಕಂಪ್ಯೂಟರ್ ಹಾಕಿದ್ದೇವೆ, ಅದು ಹೊಸದಲ್ಲ, ಬಳಸಿದ್ದು. ನಿಮ್ಮ ಕೀಲಿಯಲ್ಲಿ ಚಿಪ್ ಇಲ್ಲ, ಆ ಕೆಲಸಕ್ಕೆ ದುಡ್ಡು ಹಾಕಿಲ್ಲ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ವೈರ್ ತೆಗೆಯಿರಿ. ಗಾಡಿಗೆ ವೆಲ್ಡಿಂಗ್ ಮಾಡಿಸುವ ಮುಂಚೆ ನಮಗೆ ಹೇಳಿ.' ಗುಬ್ಬಿ ಅಜ್ಜ ಕನ್ನಡಕ ಹಾಕಿಕೊಂಡು ಓದಿ, 'ವೆಲ್ಡಿಂಗ್ ಯಾಕಪ್ಪಾ' ಅಂತ ಒಂದೇ ಪ್ರಶ್ನೆ ಕೇಳಿದರು. ಆ ಕರೆಂಟು ಡಬ್ಬಿಗೆ ನುಗ್ಗಿದರೆ ಮತ್ತೆ ಸುಡುತ್ತೆ ಅಂದೆ. ತಲೆ ಆಡಿಸಿ ದುಡ್ಡು ಎಣಿಸಿದರು.

ಒಂದು ಯಡವಟ್ಟು ಆಗಿದೆ. ಪೇಂಟರ್ 'ಕಂಪ್ಯುಟರ್' ಅಂತ ಬರೆದಿದ್ದಾನೆ, ಯು ಹ್ರಸ್ವ. ದೀರ್ಘ ಮಾಡು ಅಂದರೆ ಜಾಗ ಇಲ್ಲ, ಟ ಅಳಿಸಬೇಕು, ಐವತ್ತು ರೂಪಾಯಿ ಜಾಸ್ತಿ ಅಂತಾನೆ.

ಕೋಲಾರದಿಂದ:

ಕೊಡಿ. ದೀರ್ಘ ಬೇಕೇ ಬೇಕು.

ಚಿಂತಾಮಣಿಯಿಂದ:

ಇದೊಂದರಲ್ಲಿ ಕೋಲಾರದವರು ಹೇಳಿದ್ದು ಸರಿ.