ಸಾರಾಯಿಯೂ ಅಲ್ಲ, ಕಾಚಂಪುಳಿಯೂ ಅಲ್ಲ

ಕಕ್ಕಡ ತಿಂಗಳ ಮಳೆ ಹಿಡಿದರೆ ವಿರಾಜಪೇಟೆಯ ಹೋಟೆಲಲ್ಲಿ ಬೆಂಚು ಬಿಟ್ಟು ಏಳುವವರಿಲ್ಲ. ಸಿಲ್ವರ್ ಓಕ್ ದಿಮ್ಮಿ ಹೇರಿದ ಲಾರಿಯೊಂದು ಕೇರಳ ಗಡಿಯ ಮಾಕುಟ್ಟದ ಕಡೆಗೆ ಏದುಸಿರು ಬಿಡುತ್ತಾ ಹೋಯಿತು.

"ಪ್ಲೈವುಡ್ ಆಗೋಕೆ ಹೊರಟಿದೆ. ಅದರ ಅಂಟಿಗೆ ಮೂಲ ಮೆಥನಾಲು," ಎಂದ ಪೂಣಚ್ಚ.

"ಸ್ಪಿರಿಟ್ಟಾ? ಒಂದು ಪೆಗ್ಗು ಈ ಕಡೆಗೂ ಬರಲಿ," ತಿಮ್ಮಯ್ಯ ಕೈಯೊಡ್ಡಿದ.

"ಕುಡಿದರೆ ಮೊದಲು ಕಣ್ಣು ಹೋಗ್ತದೆ, ಆಮೇಲೆ ನೀನು. ಹೊಟ್ಟೆಗೆ ಹೋದದ್ದನ್ನು ಪಿತ್ತಜನಕಾಂಗ ಫಾರ್ಮಿಕ್ ಆಮ್ಲ ಮಾಡಿಬಿಡ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಎಥನಾಲ್, ಅಂದರೆ ಸಾರಾಯಿಯಲ್ಲಿರೋ ಆಲ್ಕೋಹಾಲ್, ಕೊಡೋದೂ ಉಂಟು. ಪಿತ್ತಜನಕಾಂಗ ಎಥನಾಲಿನ ಹಿಂದೆ ಬಿದ್ದಿರುವಷ್ಟು ಹೊತ್ತು ಮೆಥನಾಲ್ ಮುಟ್ಟೋದಿಲ್ಲ."

"ಅಂದರೆ ವಿಷಕ್ಕೆ ಮದ್ದು ಪೆಗ್ಗೇ!"

"ಡಾಕ್ಟ್ರು ಅಳೆದು ಕೊಟ್ಟರೆ. ಅಂಟಿನ ವಿಷಯ ಕೇಳು. ಮೆಥನಾಲಿನ ಆವಿಗೆ ಗಾಳಿ ಸೇರಿಸಿ, 600 ಡಿಗ್ರಿ ದಾಟಿ ಕಾದ ಬೆಳ್ಳಿಯ ಮೇಲೆ ಹಾಯಿಸಿದರೆ ಫಾರ್ಮಾಲ್ಡಿಹೈಡ್. ಅದಕ್ಕೆ ಯೂರಿಯಾ ಕೂಡಿಸಿದರೆ ಅಗ್ಗದ ಅಂಟು."

"ತೋಟಕ್ಕೆ ಹಾಕೋ ಯೂರಿಯಾನಾ?"

"ಅದೇ. ಸಬ್ಸಿಡಿ ಗೊಬ್ಬರ ಕಳ್ಳದಾರಿಯಲ್ಲಿ ಕಾರ್ಖಾನೆಗೆ ಹೋಗದಿರಲಿ ಅಂತಲೂ 2015ರಲ್ಲಿ ಬೇವಿನೆಣ್ಣೆ ಸವರೋದನ್ನು ಕಡ್ಡಾಯ ಮಾಡಿದ್ದು. ಆದರೆ ಯೂರಿಯಾ ಅಂಟಿನ ಕೊಂಡಿಗಳನ್ನು ನೀರು ಬಿಡಿಸಿಬಿಡ್ತದೆ. ನಮ್ಮೂರ ಬಚ್ಚಲಿಗೆ ಅದರ ಬಾಗಿಲು ಹಾಕಿದರೆ ಪದರ ಪದರವಾಗಿ ಬಾಯಿ ಬಿಡ್ತದೆ. ಯೂರಿಯಾ ಬದಲು ಫೀನಾಲ್ ಹಾಕಿದ ಅಂಟು ತಡೆಯುತ್ತೆ. ಹಲಗೆ ಮೇಲೆ ನೀರು ತಡೆಯೋ ಪ್ಲೈವುಡ್ಡಿನ ಐಎಸ್ 710 ಮುದ್ರೆ ನೋಡಿ ತಗೋ."

"ಸ್ಕೂಟರಿಗೆ ಹೊಯ್ದರೆ?"

ಈಗ ಗ್ಯಾರೇಜಿನ ಮೊಯ್ದುವಿಗೆ ಜೀವ ಬಂತು. "ಬರೀ ಮೆಥನಾಲಾ? ಲೀಟರಿಗೆ ಪೆಟ್ರೋಲಿನ ಅರ್ಧದಷ್ಟೇ ಶಕ್ತಿ. ಒಂದು ಕಿಲೋ ಪೆಟ್ರೋಲ್ ಉರಿಯಲಿಕ್ಕೆ 14.7 ಕಿಲೋ ಗಾಳಿ ಬೇಕು, ಇದಕ್ಕೆ 6.4 ಸಾಕು. ಇಂಧನ ಬಿಡೋ ಜೆಟ್ಟಿನ ತೂತು ದೊಡ್ಡದು ಮಾಡದಿದ್ದರೆ ಗಾಳಿ ಹೆಚ್ಚಾಗಿ ಇಂಜಿನ್ ಕೆಮ್ಮಿ ನಿಲ್ತದೆ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಆವಿಯೇ ಏಳದೆ ಕಿಕ್ ಹೊಡೆದು ಹೊಡೆದು ನಿನ್ನ ಮಂಡಿ ಹೋಗ್ತದೆ. ಕಾರ್ಬ್ಯುರೇಟರಿನ ಅಲ್ಯೂಮಿನಿಯಂ ತುಕ್ಕು, ರಬ್ಬರ್ ಸೀಲು ಊತ. ಹಗಲಲ್ಲಿ ಬೆಂಕಿ ಹಿಡಿದರೆ ಜ್ವಾಲೆಯೂ ಸರಿಯಾಗಿ ಕಾಣೋದಿಲ್ಲ."

"ಪೆಟ್ರೋಲಿಗೆ ಸ್ವಲ್ಪ ಬೆರೆಸಿದರೆ?"

"ನೂರಕ್ಕೆ 15 ಬೆರೆಸಿ 2022ರಲ್ಲಿ ಅಸ್ಸಾಮಿನ ತಿನ್ಸುಕಿಯಾದಲ್ಲಿ ಬಿಟ್ಟು ನೋಡಿದ್ದಾರೆ. ಕಂಟಕ ಇರೋದು ನೀರಲ್ಲಿ. ಟ್ಯಾಂಕಿಗೆ ಮಳೆನೀರು ಹೊಕ್ಕಿತೋ, ಮೆಥನಾಲು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳೀತದೆ. ಮದುವೆಮನೆಯಲ್ಲಿ ನೆಂಟರು ಸಿಕ್ಕಿದ ಕೂಡಲೇ ಜೊತೆಗೆ ಬಂದವನನ್ನು ಮರೆತವನ ಹಾಗೆ. ಪೈಪು ಹೀರೋದೂ ತಳದಿಂದಲೇ!"

"ಹಡಗಿಗಾದರೆ ಸರಿ," ಪೂಣಚ್ಚ ಬಿಡಲಿಲ್ಲ, "ಸ್ಟೆನಾ ಜರ್ಮಾನಿಕಾ 2015ರಿಂದ ಇದರಲ್ಲಿ ಓಡಿ ತೋರಿಸಿದೆ. ಆದರೂ ನನ್ನ ಕೇಳಿದರೆ ಇದು ಸುಡೋ ವಸ್ತುವಲ್ಲ, ಕಟ್ಟೋ ವಸ್ತು. ಕಾರ್ಬನ್ ಮೊನಾಕ್ಸೈಡ್ ಸೇರಿಸಿದರೆ ಅಸಿಟಿಕ್ ಆಮ್ಲ, ವಿನೆಗರಿನ ಹುಳಿ. ಪ್ರಪಂಚದ ಅಸಿಟಿಕ್ ಆಮ್ಲದಲ್ಲಿ ಬಹುಪಾಲು ಹೀಗೇ ಆಗೋದು."

ತಿಮ್ಮಯ್ಯನಿಗೆ ಹೊಳೆಯಿತು. "ಹಾಗಾದರೆ ನೀರು ಬೆರೆಸಿ ಪಂದಿಕರಿಗೆ..."

ಅಷ್ಟು ಹೊತ್ತು ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದ ಮುತ್ತಮ್ಮಕ್ಕ ತಲೆ ಎತ್ತಿದರು. "ನಮ್ಮ ಕೊಡಗಿನ ಹುಳಿ ಕಾಚಂಪುಳಿ ಬಿಟ್ಟು ಪಂದಿಕರಿಯಾ? ಮೂವರೂ ಏಳಿ. ನೆನೆದರೆ ನೆನೆಯಿರಿ."