ಕಲಬುರಗಿಯಲ್ಲಿ ಸೆಪ್ಟೆಂಬರ್ 17ಕ್ಕೂ ಧ್ವಜ ಹಾರಿಸೋದು ಯಾಕೆ?

ಪ್ರಶ್ನೆ: ನಾನು ಮೈಸೂರಿನವಳು. ಕೆಲಸಕ್ಕೆಂದು ಇಲ್ಲಿಗೆ ಬಂದು ಎರಡು ತಿಂಗಳಾಯ್ತು. ಆಗಸ್ಟ್ 15 ಮುಗಿದಿದೆ. ನಿನ್ನೆ ಮತ್ತೆ ಧ್ವಜ ಹಾರಿಸಿದರು. ಯಾಕೆ?

ಉತ್ತರ: ಇದು ಆಗ ಹೈದರಾಬಾದ್ ನಿಜಾಮನ ಸೀಮೆ ಅಲ್ವಾ ಮೇಡಂ. 1947ರಲ್ಲಿ ಅವನು ಭಾರತಕ್ಕೆ ಸೇರಲಿಲ್ಲ. 1948ರ ಸೆಪ್ಟೆಂಬರ್ 13ಕ್ಕೆ ನಮ್ಮ ಸೇನೆ ಒಳಗೆ ಬಂತು. 17ಕ್ಕೆ ನಿಜಾಮ ಸೋಲೊಪ್ಪಿದ. ಐದೇ ದಿನ! ನಮ್ಮ ಮುತ್ಯಾ (ಅಜ್ಜ) ಆಗ ಹತ್ತು ವರ್ಷದ ಹುಡುಗ. ನಿಜಾಮನ ಪರವಾಗಿದ್ದ ಸಶಸ್ತ್ರ ಪಡೆ ರಜಾಕಾರರು ಬಂದರು ಅಂದರೆ ಜೋಳದ ಹೊಲದಲ್ಲಿ ಅಡಗುತ್ತಿದ್ದೆವು ಅನ್ನುತ್ತಿದ್ದರು. ಆಗಸ್ಟ್ 15ಕ್ಕೆ ಸುಮ್ನೆ ಕೂರುತ್ತಿದ್ದರು. 17ಕ್ಕೆ ಮಾತ್ರ ಇಸ್ತ್ರಿ ಮಾಡಿದ ಧೋತರ, ಟೋಪಿ.

ಇನ್ನೊಬ್ಬರು: ನಮ್ಮ ಬೀದರ್, ರಾಯಚೂರಲ್ಲೂ ಇದೆ. ಹೈದರಾಬಾದ್ ಕರ್ನಾಟಕ ಅಂತಿದ್ದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯ್ತು.

ಪ್ರಶ್ನೆ ಕೇಳಿದವರು: ಹಾಗಾದರೆ ಮೈಸೂರು ರಾಜ್ಯಕ್ಕೆ ಸೇರಿದ್ದು?

ಉತ್ತರ: 1956ರ ನವೆಂಬರ್ 1. ಅದಕ್ಕೂ ಮುತ್ಯಾ ಅದೇ ಟೋಪಿ ಹಾಕುತ್ತಿದ್ದರು.