ತಲೆಕೆಳಗಾಗಿ ಹಾರಿದ ಬೆಟ್ಟಿ ಸ್ಕೆಲ್ಟನ್: ಶಾಲಾ ಗೋಡೆಪತ್ರಿಕೆಗೆ ಮಾಹಿತಿ ಬೇಕು

ಬದಿಯಡ್ಕದ ಅಧ್ಯಾಪಿಕೆ: ನಮ್ಮ ಕನ್ನಡ ಮಾಧ್ಯಮ ಶಾಲೆಯ ಗೋಡೆಪತ್ರಿಕೆಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಅಮೆರಿಕದ ಸಾಹಸ ವೈಮಾನಿಕೆ ಬೆಟ್ಟಿ ಸ್ಕೆಲ್ಟನ್ ಬಗ್ಗೆ ಬರೆಯುತ್ತಿದ್ದಾಳೆ. ವಿಮಾನವನ್ನು ತಲೆಕೆಳಗಾಗಿ ಹಾರಿಸಿ ರಿಬ್ಬನ್ ಕತ್ತರಿಸುವುದು ಹೇಗೆ? ಅವರು ಬೇಗನೆ ಪ್ರದರ್ಶನ ಬಿಟ್ಟದ್ದೇಕೆ?

ಕುಂಬಳೆಯ ಓದುಗ: ಟೀಚರೇ, ಎರಡು ಕಂಬಗಳ ನಡುವೆ ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿ ಕಟ್ಟಿದ ರಿಬ್ಬನ್ನನ್ನು ಅವರ ಪುಟ್ಟ ಪಿಟ್ಸ್ ವಿಮಾನದ ಪ್ರೊಪೆಲ್ಲರ್ ಕತ್ತರಿಸುತ್ತಿತ್ತು. ಮಗುಚಿದ ಸ್ಥಿತಿಯಲ್ಲಿ ಮೇಲೇರಬೇಕಾದರೆ ವಿಮಾನವನ್ನು ಏರಿಸಿಳಿಸುವ ಹಿಡಿಕೋಲನ್ನು ಮುಂದಕ್ಕೆ ತಳ್ಳಬೇಕು. ಗಾಬರಿಯಲ್ಲಿ ಅಭ್ಯಾಸಬಲದಿಂದ ಹಿಂದಕ್ಕೆಳೆದರೆ ಮೂತಿ ನೇರ ನೆಲಕ್ಕೆ. ನನ್ನ ಮಟ್ಟಿಗೆ ಅವರ ನಿಜವಾದ ಸಾಹಸ ಆ ಒಂದು ಕ್ಷಣದ ಸಂಯಮವೇ. 1948ರಿಂದ 1950ರವರೆಗೆ ಸತತ ಮೂರು ಬಾರಿ ಗೆದ್ದ ಸಾಹಸ ಹಾರಾಟದ ಮಹಿಳಾ ಚಾಂಪಿಯನ್‌ಪಟ್ಟ ಆಮೇಲಿನ ಮಾತು.

ಮಂಜೇಶ್ವರದಿಂದ: ಪ್ರದರ್ಶನಗಳ ಬಿಡುವಿಲ್ಲದ ಅಲೆದಾಟದಿಂದ ದಣಿದು, ಹೊಸ ಸವಾಲೂ ಕಾಣದೆ ಅವರು 1951ರಲ್ಲಿ ನಿವೃತ್ತರಾದರು. ವಿಮಾನ ಕಂಪನಿಗಳು ಆಗ ಹೆಂಗಸರನ್ನು ಪೈಲಟ್ ಹುದ್ದೆಗೆ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಮುಂದಿನ ದಾರಿಯೂ ಕಿರಿದಾಗಿತ್ತು (ಇದನ್ನು ಹುಡುಗಿ ಬರೆಯಲೇಬೇಕು). ಬಳಿಕ ಕಾರುಗಳ ವೇಗ ಪರೀಕ್ಷೆಗಿಳಿದ ಅವರು, 1959ರಲ್ಲಿ ಪತ್ರಿಕೆಯೊಂದರ ಲೇಖನಕ್ಕಾಗಿ ಗಗನಯಾತ್ರಿಗಳ ತರಬೇತಿ ಪರೀಕ್ಷೆಗಳಿಗೂ ಒಡ್ಡಿಕೊಂಡರು. ಆದರೆ ಬಾಹ್ಯಾಕಾಶಕ್ಕೆ ಕಳುಹಿಸುವ ಉದ್ದೇಶ ಯಾರಿಗೂ ಇರಲಿಲ್ಲ.

ಕುಂಬಳೆಯ ಓದುಗ: ಚಿತ್ರ ಬಿಡಿಸುವುದಾದರೆ, ಕೆಂಪು ಬಿಳಿ ಬಣ್ಣದ ಆ ವಿಮಾನವನ್ನು ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ತಲೆಕೆಳಗಾಗಿಯೇ ತೂಗುಹಾಕಿದ್ದಾರೆಂದು ಅವಳಿಗೆ ತಿಳಿಸಿ.